ಕಜ್ಜಾಯಕ್ಕೆ ಸೀಟ್ ಬೆಲ್ಟ್

ಯಾವುದೇ ಕಾರ್ಯವನ್ನು ಕ್ರಮಬದ್ಧವಾಗಿ ಮಾಡಿದರೆ ಅದು ಕೆಡುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು, ಈಗ ಗೌರಿಬಿದನೂರಿನಲ್ಲಿ ನೆಲೆಸಿರುವ ನಾನು, ದಿನಸಿಯ ಚೀಟಿಯಲ್ಲಿಯೂ ಪೂರ್ಣವಿರಾಮವನ್ನು ಬಿಡುವವನಲ್ಲ. ಹೀಗಿರುವಾಗ ಕಾರು ಕೊಳ್ಳುವಂತಹ ಸಾಮಾನ್ಯ ವಿಷಯದಲ್ಲಿ ನಾನು ಎಡವುವ ಸಂಭವವೇ ಇರಲಿಲ್ಲ.

ಕಾರು ಕೊಳ್ಳಲು ಕಾರಣ ನನ್ನ ಪತ್ನಿ ಪದ್ಮಾವತಿ. ನಾನು ಓಡಿಸುವ ಕಾರಿನಲ್ಲಿ ಆಕೆ ಕುಳಿತು ಹನ್ನೊಂದು ವರ್ಷಗಳಾಗಿದ್ದವು.

ಹನ್ನೊಂದು ವರ್ಷಗಳ ಹಿಂದೆ, ಮಂಚೇನಹಳ್ಳಿಯ ಸಮೀಪ, ನಮ್ಮ ಹಳೆಯ ಕಾರು ರಸ್ತೆಯನ್ನು ತ್ಯಜಿಸಿ ಹಿಪ್ಪುನೇರಳೆ ತೋಟವೊಂದನ್ನು ಪ್ರವೇಶಿಸಿತ್ತು. ಆ ಸಮಯದಲ್ಲಿ ನಾನು, ವಾಹನ ಚಾಲಕನಿಗೆ ಏಕಾಗ್ರತೆ ಏಕೆ ಅಗತ್ಯ ಎಂಬುದನ್ನು ಪದ್ಮಾವತಿಗೆ ವಿವರಿಸುತ್ತಿದ್ದೆ. ಕೇಳುವವರ ಮುಖವನ್ನು ನೋಡದೆ ಮಾತನಾಡುವುದು ಬೋಧನೆಯ ನಿಯಮಕ್ಕೆ ವಿರುದ್ಧವಾದದ್ದು. ಆದ್ದರಿಂದ ಆಕೆಯ ಮುಖವನ್ನು ನೋಡುತ್ತಿದ್ದೆ. ಆಕೆಯ ಬಲಗೈ ಆರು ವಾರ ಪಟ್ಟಿಯಲ್ಲಿತ್ತು. ಆ ಆರು ವಾರ ಅಡುಗೆ ಮಾಡಿದವನು ನಾನು. ಎರಡರಲ್ಲಿ ಯಾವುದು ಹೆಚ್ಚು ನೋವಿನದಾಗಿತ್ತು ಎಂಬುದನ್ನು ಆಕೆ ಇಂದಿಗೂ ತೀರ್ಮಾನಿಸಿಲ್ಲ.

ಅಂದಿನಿಂದ ಆಕೆ ಬಸ್ಸು, ನಾನು ಕಾರು. ಒಂದೇ ಮದುವೆಗೆ ಒಂದೇ ಮನೆಯಿಂದ ಎರಡು ವಾಹನಗಳಲ್ಲಿ ಬರುವ ದಂಪತಿಗಳನ್ನು ಕಂಡು, ನಮ್ಮಿಬ್ಬರ ನಡುವೆ ಏನೋ ಸರಿಯಿಲ್ಲವೆಂದು ಬಂಧುಗಳು ಪಿಸುಗುಟ್ಟತೊಡಗಿದರು. ಚಿಂತಾಮಣಿಯಲ್ಲಿರುವ ಆಕೆಯ ತಂಗಿಯಂತೂ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, ಏನೇ ಇದ್ದರೂ ಅನುಸರಿಸಿಕೊಂಡು ಹೋಗಬೇಕೆಂದು ಬುದ್ಧಿ ಹೇಳಿದಳು. ನಾನು ಅನುಸರಿಸಿಕೊಂಡೇ ಹೋಗುತ್ತಿದ್ದೆ. ಮುಂದೆ ಆಕೆಯ ಬಸ್ಸು, ಹಿಂದೆ ನನ್ನ ಕಾರು!

ದೋಷ ಕಾರಿನದೆಂದು ನಾನು ನಿರ್ಣಯಿಸಿದೆ. ಜಗತ್ತಿನ ಅತ್ಯಂತ ಸುರಕ್ಷಿತವಾದ ಕಾರನ್ನು ತಂದರೆ ಪದ್ಮಾವತಿಯ ಭಯಕ್ಕೆ ಆಧಾರವೇ ಉಳಿಯುವುದಿಲ್ಲ. ಕೂಡಲೇ ಅಧ್ಯಯನಕ್ಕೆ ತೊಡಗಿದೆ. ದೂರದ ಉತ್ತರದಲ್ಲಿ, ವರ್ಷದ ಅರ್ಧಭಾಗ ಹಿಮ ಬೀಳುವ ದೇಶವೊಂದರಲ್ಲಿ, ಅಂದಕ್ಕಿಂತ ಸುರಕ್ಷತೆಯೇ ಮೊದಲೆಂದು ವ್ರತ ಹಿಡಿದಿರುವ ಕಂಪನಿಯೊಂದಿದೆ. ಸೊಂಟಕ್ಕೂ ಹೆಗಲಿಗೂ ಒಟ್ಟಿಗೆ ಬಿಗಿಯುವ ಸೀಟ್ ಬೆಲ್ಟನ್ನು ರೂಪಿಸಿದ್ದು ಅಲ್ಲಿಯೇ. ರೂಪಿಸಿ ಪೆಟ್ಟಿಗೆಯಲ್ಲಿಟ್ಟುಕೊಳ್ಳದೆ, ಬೇರೆ ಕಂಪನಿಗಳೂ ಬಳಸಿಕೊಳ್ಳಲಿ ಎಂದು ಅದನ್ನು ಲೋಕಕ್ಕೇ ಬಿಟ್ಟುಕೊಟ್ಟರು. ಇದನ್ನು ಓದಿದಾಗ ನನ್ನ ಕಣ್ಣು ತೇವವಾಯಿತು. ನೋಟ್ಸನ್ನು ಪಕ್ಕದ ಬೆಂಚಿಗೂ ತೋರಿಸುವ ಉತ್ತಮ ವಿದ್ಯಾರ್ಥಿಯ ಗುಣವದು.

ಆ ಕಾರಿನ ಮಾಲೀಕರು ಅಂತರಜಾಲದಲ್ಲಿ ಬರೆದ ಅನುಭವಗಳನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಅನುವಾದಿಸಿ ಬರೆದುಕೊಂಡೆ. ದಿನವೂ ಸಂಜೆ, ಅವರೆಕಾಯಿ ಬಿಡಿಸುತ್ತಿದ್ದ ಪದ್ಮಾವತಿಯ ಎದುರು ಕುಳಿತು ಒಂದೊಂದನ್ನು ಗಟ್ಟಿಯಾಗಿ ಓದಿದೆ. ಒಬ್ಬನ ಕಾರಿಗೆ ಕುದುರೆಯಷ್ಟು ದೊಡ್ಡ ಕಾಡುಪ್ರಾಣಿ ಗುದ್ದಿತ್ತು. ಆತ ಇಳಿದು, ಊಟಕ್ಕೆ ತಡವಾಗುತ್ತದೆಂದು ಮನೆಗೆ ಫೋನ್ ಮಾಡಿದ. ಒಬ್ಬಳ ಕಾರು ಮೂರು ಸುತ್ತು ಉರುಳಿತ್ತು. ಆಕೆ ಮರುವಾರ ಅದೇ ಕಂಪನಿಯ ಇನ್ನೊಂದು ಕಾರನ್ನು ಕೊಂಡಳು. ಹೀಗೆ ನಲವತ್ತು ಪುಟಗಳು.

ಪದ್ಮಾವತಿ ಎಲ್ಲವನ್ನೂ ಕೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದಳು.

"ಅಲ್ರೀ, ಇವ್ರೆಲ್ಲ ಬರ್ದಿರೋದು ಆಕ್ಸಿಡೆಂಟ್ ಆದ್ಮೇಲೆ ಅಲ್ವಾ? ಸುಮ್ನೆ ಹೋಗಿ ಸುಮ್ನೆ ಬಂದ್ವಿ ಅಂತ ಒಬ್ರೂ ಬರ್ದಿಲ್ವಾ?"

ನೋಟ್‌ಬುಕ್ಕನ್ನು ತಿರುವಿ ನೋಡಿದೆ. ಒಬ್ಬರೂ ಬರೆದಿರಲಿಲ್ಲ.

ಆದರೂ ಬೆಂಗಳೂರಿನ ವೈದ್ಯರೊಬ್ಬರು ಕೆಲವು ವರ್ಷ ಬಳಸಿದ ಅಂತಹ ಕಾರೊಂದನ್ನು ಕೊಂಡು ತಂದೆ. ಅದಕ್ಕೆ ಮುಂದೆ ಒಂದು ಕಣ್ಣಿತ್ತು. ಅಡ್ಡಬಂದದ್ದನ್ನು ಕಂಡರೆ ತಾನೇ ನಿಲ್ಲುತ್ತಿತ್ತು. ಒಳಗೂ ಒಂದು ಕಣ್ಣಿತ್ತು. ಅದು ಚಾಲಕನನ್ನು ಗಮನಿಸುತ್ತಿತ್ತು. ಇಷ್ಟು ಶ್ರದ್ಧೆಯ ಪರೀಕ್ಷಾ ಮೇಲ್ವಿಚಾರಕರನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಅವಕಾಶ ತಾನಾಗಿ ಒದಗಿತು. ಪದ್ಮಾವತಿಯ ತಂಗಿಯ ಮಗಳು ರಮ್ಯಾಳಿಗೆ ಶುಕ್ರವಾರ ಚಿಂತಾಮಣಿಯಲ್ಲಿ ಸೀಮಂತ. ಹತ್ತೂವರೆಗೆ ರಾಹುಕಾಲ, ಅದಕ್ಕೆ ಮೊದಲು ದೊಡ್ಡಮ್ಮನಾದ ಪದ್ಮಾವತಿ ಹುಡುಗಿಯ ಕೈಗೆ ಮೊದಲ ಬಳೆ ತೊಡಿಸಬೇಕು. ಜೊತೆಗೆ ಒಯ್ಯಬೇಕಾದ ಕಜ್ಜಾಯ, ಚಕ್ಕುಲಿ, ರವೆ ಉಂಡೆಗಳ ಬಿದಿರುಬುಟ್ಟಿ ಎಷ್ಟು ದೊಡ್ಡದಾಗಿತ್ತೆಂದರೆ, ಬಸ್ಸಿನ ಕಂಡಕ್ಟರ್ ಅದಕ್ಕೆ ಟಿಕೆಟ್ ಕೇಳುವುದು ಖಂಡಿತವಾಗಿತ್ತು. ಪದ್ಮಾವತಿ ಬುಟ್ಟಿಯನ್ನು ನೋಡಿದಳು, ಕಾರನ್ನು ನೋಡಿದಳು, ನನ್ನನ್ನು ಮಾತ್ರ ನೋಡಲಿಲ್ಲ.

"ಇದೊಂದ್ಸಲ ಬರ್ತೀನಿ. ಇದೊಂದೇ ಸಲ," ಎಂದಳು.

ಹನ್ನೊಂದು ವರ್ಷಗಳ ಬಳಿಕ ದೊರೆತ ಮರುಪರೀಕ್ಷೆ. ನಾನು ಅನುತ್ತೀರ್ಣನಾದರೆ ಮುಂದೆ ಪರೀಕ್ಷೆಯೇ ಇಲ್ಲ.

ಅಂದು ಬೆಳಗ್ಗೆ ಆರೂವರೆಗೆ ಕಾರಿಗೆ ಪೂಜೆಯಾಯಿತು. ಪಕ್ಕದ ಮನೆಯ ವೆಂಕಟರವಣಪ್ಪ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ತಾವೇ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಸೇವಂತಿಗೆಯ ದಪ್ಪ ಹಾರವನ್ನೂ ನಿಂಬೆ-ಮೆಣಸಿನಕಾಯಿಯ ಸರವನ್ನೂ ಕಾರಿನ ಮುಂಭಾಗಕ್ಕೆ ಬಿಗಿಯಾಗಿ ಕಟ್ಟಿದರು. ನಾನು ಗಾಂಭೀರ್ಯದಿಂದ ಕೀಲಿ ತಿರುಗಿಸಿದೆ. ಮುಂದಿನ ಕಣ್ಣಿಗೆ ಏನೋ ಅಡ್ಡವಾಗಿದೆ, ತನಗೇನೂ ಕಾಣುತ್ತಿಲ್ಲ ಎಂದು ಕಾರು ಫಲಕದ ಮೇಲೆ ದೂರು ಬರೆಯಿತು. ಕಟ್ಟಿದ ಹಾರವನ್ನು ಹೊರಡುವ ಮುನ್ನವೇ ಬಿಚ್ಚುವುದು ಅಪಶಕುನವೆಂದು ಪದ್ಮಾವತಿ ಮುಖ ಸಣ್ಣದು ಮಾಡಿದಳು. ವೆಂಕಟರವಣಪ್ಪನವರು ಅದನ್ನೆಲ್ಲ ಕಾರಿನ ಹಿಂಭಾಗಕ್ಕೆ ವರ್ಗಾಯಿಸಿ, "ಬಿಡಿ ಮೇಷ್ಟ್ರೇ, ಕೆಟ್ಟ ಕಣ್ಣು ಹಾಕೋರು ಹಿಂದ್ಗಡೆಯಿಂದಾನೇ ಹಾಕೋದು," ಎಂದು ಸಮಾಧಾನ ಹೇಳಿದರು.

ಹೊರಟೆವು. ಐವತ್ತು ಮಾರು ಹೋಗುವಷ್ಟರಲ್ಲಿ ಕಾರು ಕೂಗತೊಡಗಿತು. ಹಿಂದಿನ ಆಸನದಲ್ಲಿ ಯಾರೋ ಬೆಲ್ಟ್ ಧರಿಸದೆ ಕುಳಿತಿದ್ದಾರೆಂಬುದು ಅದರ ತಕರಾರು. ಅಲ್ಲಿ ಕುಳಿತಿದ್ದದ್ದು ಬುಟ್ಟಿ. ನಾನು ಇಳಿದು, ಹಿಂದಿನ ಬಾಗಿಲು ತೆರೆದು, ಬುಟ್ಟಿಯ ಹೆಗಲು ಯಾವುದು, ಸೊಂಟ ಯಾವುದು ಎಂದು ಯೋಚಿಸಿ, ವಿಧಿವತ್ತಾಗಿ ಬೆಲ್ಟ್ ಬಿಗಿದೆ. ಕೂಗು ನಿಂತಿತು. ಬೀದಿಯವರೆಲ್ಲ ನೋಡುತ್ತಿದ್ದರು.

"ನಮ್ಮನೆ ಕಜ್ಜಾಯಕ್ಕೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರ್ಲಿಲ್ಲ," ಎಂದಳು ಪದ್ಮಾವತಿ. ಹನ್ನೊಂದು ವರ್ಷಗಳ ನಂತರ ನನ್ನ ಕಾರಿನಲ್ಲಿ ಆಕೆ ನಕ್ಕಳು. ಆ ನಗುವಿನಿಂದ ನನಗೆ ಧೈರ್ಯ ಬಂತು. ಧೈರ್ಯ ಬಂದೊಡನೆ ಮಾತು ಬಂತು. ಅನರ್ಥದ ಆರಂಭ ಅಲ್ಲಿ.

ಮಂಚೇನಹಳ್ಳಿ ಸಮೀಪಿಸುವಾಗ ನಾನು ಬೆಲ್ಟಿನ ಇತಿಹಾಸದಲ್ಲಿದ್ದೆ. ಫಲಕದ ಮೇಲೆ ಕಾಫಿ ಲೋಟದ ಚಿತ್ರವೊಂದು ಮೂಡಿತು. ಕಾರು ಆತಿಥ್ಯವನ್ನೂ ಮಾಡುತ್ತದೆಂದು ನಾನು ಹೆಮ್ಮೆಪಟ್ಟೆ. ಕೆಳಗಿದ್ದ ಅಕ್ಷರಗಳನ್ನು ಪದ್ಮಾವತಿ ಓದಿದಳು. ಚಾಲಕನ ಗಮನ ರಸ್ತೆಯ ಮೇಲಿಲ್ಲ, ಆತ ಸ್ವಲ್ಪ ವಿಶ್ರಾಂತಿ ಪಡೆಯುವುದು ಒಳ್ಳೆಯದು ಎಂದಿತ್ತು. ಹಳೆಯ ಹಿಪ್ಪುನೇರಳೆ ತೋಟ ಎಡಗಡೆಯೇ ಇತ್ತು. ಆಕೆ ಅದನ್ನು ನೋಡಲಿಲ್ಲ. ಬಲಗೈಯನ್ನು ಮಾತ್ರ ಸೆರಗಿನೊಳಗೆ ಎಳೆದುಕೊಂಡಳು.

ಮಂಚೇನಹಳ್ಳಿಯಲ್ಲಿ ಕಾಫಿ ಕುಡಿದೆವು. ಕಾರಿಗೆ ತೃಪ್ತಿಯಾಗಲಿಲ್ಲ. ಚಿಕ್ಕಬಳ್ಳಾಪುರದ ಹೊತ್ತಿಗೆ ಮತ್ತೆ ಲೋಟ ಮೂಡಿತು, ಮತ್ತೆ ಕುಡಿದೆವು. ಶಿಡ್ಲಘಟ್ಟದಲ್ಲಿ ಮೂರನೆಯ ಲೋಟ. ಅಷ್ಟು ಹೊತ್ತಿಗೆ ನನಗೆ ನಿದ್ರೆ ಬರುವ ಪ್ರಶ್ನೆಯೇ ಇರಲಿಲ್ಲ. ಮುಂದಿನ ಎರಡು ದಿನವೂ ಇರಲಿಲ್ಲ. ಈ ಯಂತ್ರಕ್ಕೆ ನನ್ನ ಮುಖಭಾವ ಅರ್ಥವಾಗುತ್ತಿಲ್ಲವೆಂದು ಪದ್ಮಾವತಿಗೆ ವಿವರಿಸಿದೆ. ಆಕೆ, "ಅದಕ್ಕೆ ನಿಮ್ಮ ಮುಖಾನೇ ಕಾಣ್ತಿಲ್ಲ ಕಣ್ರಿ. ಕಿವಿ ಕಾಣ್ತಿದೆ," ಎಂದಳು.

ಶಿಡ್ಲಘಟ್ಟ ದಾಟಿ ಚಿಂತಾಮಣಿಯ ದಾರಿ ಹಿಡಿದೆವು. ಹುರುಳಿ ಕೊಯ್ಲಿನ ಕಾಲ. ನಮ್ಮ ಸೀಮೆಯಲ್ಲಿ ಕಣ ಮಾಡುವವರು ಕಡಿಮೆಯಾಗಿ, ಹುರುಳಿಯನ್ನು ಬಳ್ಳಿಸಮೇತ ಡಾಂಬರು ರಸ್ತೆಯ ಮೇಲೆಯೇ ಹರಡುತ್ತಾರೆ. ಹೋಗಿಬರುವ ವಾಹನಗಳ ಚಕ್ರಗಳೇ ಒಕ್ಕಣೆ ಮಾಡುತ್ತವೆ. ಯಾರೂ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ವೇಗವಾಗಿ ಹೋದಷ್ಟೂ ಕಾಳು ಚೆನ್ನಾಗಿ ಉದುರುತ್ತದೆ. ಇದನ್ನು ಬಲ್ಲ ನಾನು ದೂರದಲ್ಲಿ ಹುರುಳಿಯ ಗುಡ್ಡೆಯೊಂದನ್ನು ಕಂಡು, ವೇಗ ತಗ್ಗಿಸದೆ, ಪದ್ಮಾವತಿಯತ್ತ ತಿರುಗಿ, ಈ ಕಾರು ತಾನೇ ಹೇಗೆ ನಿಲ್ಲುತ್ತದೆ ಎಂಬುದನ್ನು ವಿವರಿಸತೊಡಗಿದೆ.

ಇಲ್ಲಿ ನಾನೊಂದು ವಾಕ್ಯವನ್ನು ಎಚ್ಚರಿಕೆಯಿಂದ ಬರೆಯಬೇಕಾಗಿದೆ. 'ನಾನು ಕಾರನ್ನು ನಿಲ್ಲಿಸಿದೆ' ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಆ ವಾಕ್ಯದ ಕರ್ತೃ ನಾನಲ್ಲ. ಕಾರು ನಿಂತಿತು. ಬೆಲ್ಟು ನನ್ನ ಎದೆಯನ್ನು ಹಿಂದಕ್ಕೆಳೆಯಿತು, ಪದ್ಮಾವತಿಯನ್ನೂ ಎಳೆಯಿತು, ಬುಟ್ಟಿಯನ್ನೂ ಎಳೆಯಿತು. ಮಾತು ಅರ್ಧದಲ್ಲಿ ನಿಂತಿತು.

ಗುಡ್ಡೆಯ ಮುಂದೆ, ನಮ್ಮ ಕಾರಿನ ಮೂತಿಯಿಂದ ಎರಡು ಮಾರು ದೂರದಲ್ಲಿ, ಬಗ್ಗಿ ಕಾಳು ಗುಡಿಸುತ್ತಿದ್ದ ಒಬ್ಬ ಅಜ್ಜಿ ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದಳು.

ನಾನು ಆಕೆಯನ್ನು ಕಂಡಿರಲೇ ಇಲ್ಲ.

ಅಜ್ಜಿ ಬೈಯಲಿಲ್ಲ. ಹತ್ತಿರ ಬಂದು, ಗಾಜಿನ ಮೇಲೆ ಬೆರಳು ಬಡಿದು, ಎರಡೂ ಕೈ ಎತ್ತಿದಳು. "ಎಲ್ರೂ ಹಾರ್ನ್ ಹೊಡ್ಕೊಂಡು ಮೈಮೇಲೇ ಬರ್ತಾರೆ. ನೀನೊಬ್ನೇ ನಿಲ್ಸಿದ್ದು. ಚಲ್ಲಗಾ ಉಂಡು ನಾಯನಾ," ಎಂದಳು. ತಣ್ಣಗಿರು ಮಗನೇ ಎಂದು ತೆಲುಗಿನಲ್ಲಿ ಹರಸಿದ್ದು.

ನಾನು ಆ ಹರಕೆಯನ್ನು ಸ್ವೀಕರಿಸಿದೆ. ತಲೆಯಾಡಿಸಿ, ನಸುನಕ್ಕು, ಕೈಯನ್ನೂ ಮುಗಿದೆ. ಬೇರೆಯವರ ಉತ್ತರಪತ್ರಿಕೆಗೆ ಬಂದ ಅಂಕವನ್ನು ತನ್ನದೆಂದು ಬರೆದುಕೊಳ್ಳುವ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಪದ್ಮಾವತಿ ಇದೆಲ್ಲವನ್ನೂ ನೋಡುತ್ತಿದ್ದಳು. ಬೆಲ್ಟನ್ನು ಬಿಚ್ಚಿದಳು. ಇಳಿದಳು. ಹಿಂದೆ ಚಿಂತಾಮಣಿಗೆ ಹೋಗುವ ಬಸ್ಸು ಬಂದು ನಿಂತಿತ್ತು. ಆಕೆ ಅದಕ್ಕೆ ಕೈ ತೋರಿಸಿ, ಕಿಟಕಿಯ ಬಳಿ ಬಗ್ಗಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಕಾರು ತುಂಬಾ ಒಳ್ಳೇದು ಕಣ್ರಿ. ಕಾರಿನ ಜೊತೆ ನನಗೇನೂ ಜಗಳ ಇಲ್ಲ. ಬುಟ್ಟಿ ನಿಮ್ಜೊತೆ ಬರ್ಲಿ. ಅದು ನೀವು ಹೇಳಿದ್ದು ಕೇಳ್ಸ್ಕೊಳಲ್ಲ."

ಸೀಟಿಲ್ಲದ, ಬೆಲ್ಟಿಲ್ಲದ, ಬಾಗಿಲು ಸರಿಯಾಗಿ ಮುಚ್ಚದ ಆ ಬಸ್ಸು ನನ್ನನ್ನು ಬಳಸಿಕೊಂಡು, ಹುರುಳಿಯನ್ನು ಚೆನ್ನಾಗಿ ತುಳಿದು, ಮುಂದೆ ಹೋಯಿತು. ಪದ್ಮಾವತಿ ಕಂಬಿ ಹಿಡಿದು ನಿಂತಿದ್ದಳು.

ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಹೊಂಗೆಯ ಮರದ ಕೆಳಗೆ ಕುಳಿತೆ. ಅಜ್ಜಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ನೀರು ಕುಡಿದ ಮೇಲೆ ಸತ್ಯ ಹೇಳದಿರಲಾಗಲಿಲ್ಲ.

"ಅಜ್ಜಿ, ನಿಲ್ಲಿಸಿದವನು ನಾನಲ್ಲ. ನಾನು ಬೇರೆ ಕಡೆ ನೋಡ್ತಿದ್ದೆ. ಕಾರು ತಾನೇ ನಿಂತುಕೊಂಡಿತು."

ಅಜ್ಜಿ ನನ್ನನ್ನೊಮ್ಮೆ, ಕಾರನ್ನೊಮ್ಮೆ ದೀರ್ಘವಾಗಿ ನೋಡಿದಳು. "ನಮ್ಮನೇಲೂ ಒಂದು ಎತ್ತು ಹಂಗೇ ಇತ್ತಪ್ಪ. ನಮ್ಮ ಯಜಮಾನ್ರು ಗಾಡೀಲಿ ಏನೋ ಮಾತಾಡ್ಕೊಂಡು ಬರೋರು. ದಾರಿ ನೋಡ್ತಿದ್ದಿದ್ದು ಎತ್ತೇ," ಎಂದಳು. ಆಮೇಲೆ ಎದ್ದುಹೋಗಿ, ಕಾರಿನ ಮೂತಿಯನ್ನು ಎರಡು ಬಾರಿ ತಟ್ಟಿದಳು. ಹರಕೆ ಸರಿಯಾದ ವಿಳಾಸಕ್ಕೆ ತಲುಪಿತು.

ಅಲ್ಲಿಂದ ಚಿಂತಾಮಣಿಯವರೆಗೆ ನಾನು ಒಬ್ಬನೇ ಓಡಿಸಿದೆ. ಕಾರು ಒಮ್ಮೆಯೂ ಕೂಗಲಿಲ್ಲ. ಕಾಫಿ ಲೋಟ ಮೂಡಲಿಲ್ಲ. ನಾನು ತಲುಪಿದಾಗ ರಾಹುಕಾಲ ಆರಂಭವಾಗಿತ್ತು; ಮೊದಲ ಬಳೆ ಆಗಲೇ ರಮ್ಯಾಳ ಕೈಯಲ್ಲಿತ್ತು. ಬಸ್ಸು ಸಮಯಕ್ಕೆ ಸರಿಯಾಗಿ ಹೋಗಿತ್ತು. ಎರಡು ವಾಹನಗಳಲ್ಲಿ ಬಂದ ನಮ್ಮನ್ನು ಕಂಡು ಪದ್ಮಾವತಿಯ ತಂಗಿ ನಿಟ್ಟುಸಿರು ಬಿಟ್ಟಳು. ಕಜ್ಜಾಯವೊಂದೂ ಮುರಿದಿರಲಿಲ್ಲ.

ಊಟದ ಬಳಿಕ ನಾನು ಪದ್ಮಾವತಿಯ ಬಳಿ ಹೋಗಿ, ಅಜ್ಜಿಗೆ ಹೇಳಿದ್ದನ್ನೇ ಹೇಳಿದೆ. ತೋಟಕ್ಕೆ ನುಗ್ಗಿದ್ದು ಹಳೆಯ ಕಾರಿನ ದೋಷವಲ್ಲ, ನನ್ನದು ಎಂಬುದನ್ನೂ ಸೇರಿಸಿದೆ. ಆ ಒಂದು ವಾಕ್ಯವನ್ನು ರಚಿಸಲು ಹನ್ನೊಂದು ವರ್ಷ ಹಿಡಿದಿತ್ತು. ಆಕೆ ಎಲೆಗೆ ಅಡಕೆ ಹಾಕಿ ಮಡಿಚಿದಳು.

"ವಾಪಸ್ ಕಾರಲ್ಲೇ ಬರ್ತೀನಿ. ಹಿಂದ್ಗಡೆ ಕೂತ್ಕೊತೀನಿ. ಮನೆ ಬರೋವರ್ಗೂ ನೀವು ಬಾಯಿ ಬಿಡಂಗಿಲ್ಲ," ಎಂದಳು.

ಸಂಜೆಯ ಬಿಸಿಲಿನಲ್ಲಿ ಹೊರಟೆವು. ಹುರುಳಿ ಹರಡಿದ್ದ ಜಾಗದಲ್ಲಿ ಅಜ್ಜಿ ಇರಲಿಲ್ಲ. ಹೊಟ್ಟು ಮಾತ್ರ ಹಾರುತ್ತಿತ್ತು. ಹೇಳಬೇಕಾದ ವಿಷಯಗಳು ಒಂದರ ಹಿಂದೊಂದು ಗಂಟಲಿಗೆ ಬಂದವು, ಒಂದೊಂದನ್ನೂ ನುಂಗಿದೆ. ಶಿಡ್ಲಘಟ್ಟ ದಾಟಿತು, ಚಿಕ್ಕಬಳ್ಳಾಪುರ ದಾಟಿತು. ಹಿಂದಿನಿಂದ ಸದ್ದೇ ಇಲ್ಲ. ಉಸಿರಾಟದ ಲಯ ಮಾತ್ರ ಕೇಳುತ್ತಿತ್ತು. ಮಂಚೇನಹಳ್ಳಿಯ ಆ ತೋಟದ ಬಳಿ ನನಗೆ ನಿಶ್ಚಯವಾಯಿತು: ಪದ್ಮಾವತಿ ನಿದ್ರಿಸುತ್ತಿದ್ದಾಳೆ. ನಾನು ಓಡಿಸುವ ಕಾರಿನಲ್ಲಿ, ಈ ರಸ್ತೆಯಲ್ಲಿ, ಈ ತಿರುವಿನಲ್ಲಿ!

ಉತ್ತರದ ಹಿಮನಾಡಿನ ಯಾವ ಮಾಲೀಕನೂ ಬರೆಯದ ಅನುಭವವಿದು. ಸುಮ್ಮನೆ ಹೋಗಿ, ಸುಮ್ಮನೆ ಬಂದೆವು. ನಲವತ್ತೊಂದನೆಯ ಪುಟಕ್ಕೆ ಬರೆಯಲೇಬೇಕು. ಆದರೆ ದಾಖಲಿಸುವ ಮುನ್ನ ಸತ್ಯವನ್ನು ಕಣ್ಣಾರೆ ಪರಿಶೀಲಿಸುವುದು ನನ್ನ ಕ್ರಮ. ಆದ್ದರಿಂದ ಹಿಂದಕ್ಕೆ ತಿರುಗಿ ನೋಡಿದೆ.

ಕಾರು ಕೂಗಿತು. ಕಾಫಿ ಲೋಟ ಮೂಡಿತು.

ಪದ್ಮಾವತಿ ಕಣ್ಣು ತೆರೆಯದೆಯೇ ಹೇಳಿದಳು: "ಮುಂದೆ ನೋಡಿ."