ಘನತೆಯಿಂದ ಫೇಲಾಗುವ ಲೆಕ್ಕ

"ಈ ಸಲ ಯಾನೆಕೆಯ ಗಣಿತದ ವಿಷಯದಲ್ಲಿ ಹೊರಗಿನವರದು ಒಂದು ಮಾತೂ ಬೇಡ! ಪುಸ್ತಕ ಆರಿಸೋದು ನಾನು, ಕಲಿಸೋದು ನಾನು, ಅವಳನ್ನ ಗೆಲ್ಲಿಸೋದೂ ನಾನೇ!"

ಜೂನ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ, ಅಯೋವಾ ರಾಜ್ಯದ ನ್ಯೂ ಹಾರ್ಲೆಮ್ ಊರಿನ ತನ್ನ ಅಡುಗೆಮನೆಯಲ್ಲಿ ನಿಂತು ಮಾರ್ಲಿಸ್ ಹೂಕ್‌ಸ್ಟ್ರಾ ಈ ಶಪಥ ಮಾಡಿದಳು. ಪ್ಯಾನ್‌ಕೇಕ್ ಮಗುಚುವ ಸಟ್ಟುಗವನ್ನು ರಾಜದಂಡದಂತೆ ಮೇಲೆತ್ತಿದ್ದರಿಂದ ಒಂದು ಹನಿ ಬೆಣ್ಣೆ ಗಂಡ ವರ್ಲಿನ್‌ನ ಟೋಪಿಯ ಮೇಲೆ ಬಿತ್ತು. ವರ್ಲಿನ್ ಜೋಳದ ಬಿತ್ತನೆ ಬೀಜ ಮಾರುವವನು. ಮಾತು ಕಡಿಮೆ, ಆಡಿದರೆ ಮಾತ್ರ ಕುಟುಕುವ ಜಾತಿ.

"ಹೊರಗಿನವರು ಅಂದ್ರೆ ನಮ್ಮಮ್ಮ ತಾನೆ?"

"ನಾನು ಯಾರ ಹೆಸರಾದ್ರೂ ಹೇಳಿದ್ನಾ?"

"ಹೇಳ್ಲಿಲ್ಲ. ಸಟ್ಟುಗ ಅವರ ಮನೆ ಕಡೆಗೇ ತೋರಿಸ್ತಿದೆ, ಅದಕ್ಕೆ ಕೇಳ್ದೆ."

ಆ ರಾಜ್ಯದಲ್ಲಿ ಮಕ್ಕಳಿಗೆ ಶಾಲೆಯ ಬದಲು ಮನೆಯಲ್ಲೇ ಪಾಠ ಹೇಳಲು ಕಾನೂನಿನ ಒಪ್ಪಿಗೆಯಿದೆ. ಹಾಗೆ ಹುಟ್ಟಿದ ಹೂಕ್‌ಸ್ಟ್ರಾ ಅಕಾಡೆಮಿ ಎಂಬ ಮಹಾಸಂಸ್ಥೆ ನಡೆಯುತ್ತಿದ್ದುದು ಅದೇ ಮನೆಯ ಊಟದ ಮೇಜಿನ ಮೇಲೆ. ಬಟ್ಟೆ ಒಗೆಯುವ ಯಂತ್ರ ಕೂಗಿದರೆ ಪಾಠ ಬಿಡುವ ಗಂಟೆ. ಪ್ರಾಂಶುಪಾಲೆ, ಟೀಚರು, ಸಲಹೆಗಾರ್ತಿ, ಗುಮಾಸ್ತೆ ಎಲ್ಲವೂ ಮಾರ್ಲಿಸಳೇ. ವಿದ್ಯಾರ್ಥಿನಿ ಒಬ್ಬಳೇ, ಹದಿನಾರು ವರ್ಷದ ಮಗಳು ಯಾನೆಕೆ. ಹತ್ತು ವರ್ಷದಿಂದ ಶಾಲೆಗೆ ಮೊದಲ ಸ್ಥಾನ ಅವಳದೇ. ಕೊನೆಯ ಸ್ಥಾನವೂ ಅವಳದೇ ಎಂಬುದನ್ನು ಮಾರ್ಲಿಸ್ ಚರ್ಚಿನ ಹೆಂಗಸರ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಬಾಯಿ ಬಿಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬೀಜಗಣಿತದ ಪುಸ್ತಕದಲ್ಲಿ ಎಕ್ಸ್ ಪಕ್ಕದಲ್ಲಿ ವೈ ಬಂದು ಕೂತ ದಿನವೇ ಅವಳಿಗೆ ಕಣ್ಣು ಕತ್ತಲಿಟ್ಟಿತ್ತು. ಅಂದಿನಿಂದ ಮಗಳು ತಾನೇ ಓದಿಕೊಂಡು ಲೆಕ್ಕ ಬಿಡಿಸುವುದು, ಅಮ್ಮ ಪುಸ್ತಕದ ಹಿಂದಿನ ಉತ್ತರ ನೋಡಿ ಗಂಭೀರವಾಗಿ ಸರಿ ಗುರುತು ಹಾಕುವುದು. ಹುಡುಗಿ ಹೀಗೇ ತ್ರಿಕೋನಮಿತಿಯನ್ನೂ ಮುಗಿಸಿ ಕೂತಿದ್ದಳು. ವರ್ಲಿನ್‌ನನ್ನು ಸಹಾಯಕ್ಕೆ ಕರೆದರೆ, "ಬೀಜಗಣಿತದಲ್ಲಿ ಬೀಜ ನಂಗೆ ಬಿಡು, ಗಣಿತ ನೀನು ನೋಡ್ಕೊ" ಎಂದು ಗೋದಾಮಿಗೆ ಓಡುತ್ತಿದ್ದ.

ಅಕಾಡೆಮಿಯ ಮೇಲೆ ತೂಗುತ್ತಿದ್ದ ಕತ್ತಿಯ ಹೆಸರು ಗರ್ಟ್ರೂಡ್. ಮಾರ್ಲಿಸಳ ಅತ್ತೆ. ಊರ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಊರಿನಲ್ಲಿ ಅರ್ಧಕ್ಕರ್ಧ ಜನ ಅವಳ ಶಿಷ್ಯರು. ಸ್ವತಃ ಮಾರ್ಲಿಸಳೂ ಅವಳ ತರಗತಿಯ ಕೊನೆಯ ಬೆಂಚಿನ ಆಸ್ತಿಯೇ! ಪ್ರತಿ ಭಾನುವಾರ ಚರ್ಚು ಮುಗಿಸಿ ಮಗನ ಮನೆಗೆ ಕಾಫಿಗೆ ಬರುವುದು ಅವಳ ಪದ್ಧತಿ. ಆ ಭಾನುವಾರವೂ ಬಂದಳು. ಬಾದಾಮಿ ಹೂರಣದ ಪೇಸ್ಟ್ರಿ ಮುರಿಯುತ್ತ ಕೇಳಿದಳು.

"ಮಗು ಮುಂದಿನ ವರ್ಷಕ್ಕೆ ಯಾವ ಗಣಿತ ತಗೋತಾಳೆ?"

"ಯೋಚನೆ ಮಾಡ್ತಿದೀನಿ ಅತ್ತೆ."

"ಯಾರ ತಲೇಲಿ?"

ಮಾರ್ಲಿಸ್ ಕಾಫಿ ಕುಡಿಯುವ ನೆಪದಲ್ಲಿ ಅದನ್ನೂ ನುಂಗಿದಳು. ಗರ್ಟ್ರೂಡ್ ಬಿಡಲಿಲ್ಲ. "ನೋಡಮ್ಮ, ಇದು ಹುಡುಗಾಟದ ವಯಸ್ಸಲ್ಲ. ಆಗಸ್ಟ್ ಒಳಗೆ ಮಗುವಿಗೆ ಸರಿಯಾದ ಕಲನಶಾಸ್ತ್ರದ, ಅಂದ್ರೆ ಕ್ಯಾಲ್ಕುಲಸ್‌ನ, ತರಗತಿ ಸಿಕ್ರೆ ಸರಿ. ಸಿಗದಿದ್ರೆ ಊರ ಹೈಸ್ಕೂಲಿಗೆ ಸೇರ್ಲಿ, ನಿನ್ನ ಮೇಜಿನ ಶಾಲೆಗೆ ಬೀಗ ಹಾಕು. ಏನೋ ವರ್ಲಿನ್?"

ವರ್ಲಿನ್ ಬಾಯಿ ತುಂಬ ಪೇಸ್ಟ್ರಿ ಇಟ್ಟುಕೊಂಡು ತಲೆಯಾಡಿಸಿದ. ಪೇಸ್ಟ್ರಿ ಚೆನ್ನಾಗಿದೆ ಎಂದು ತಲೆಯಾಡಿಸಿದನೆಂದೇ ಮಾರ್ಲಿಸ್ ನಂಬಿದಳು. ಅತ್ತೆ ಹೋದ ಮೇಲೆ ಕೇಳಿದರೆ, "ಅಮ್ಮ ಹೇಳಿದ್ರಲ್ಲಿ ತಪ್ಪೇನಿದೆ?" ಎಂದ. ಮಾರ್ಲಿಸ್ ಊಟದ ಮೇಜಿನತ್ತ ತಿರುಗಿ ನೋಡಿದಳು. ಮಗಳಿಲ್ಲದ ಮೇಜಿನ ಮುಂದೆ ಬೆಳಗಿನಿಂದ ಸಂಜೆವರೆಗೆ ತಾನು ಯಾರಿಗೆ ಪ್ರಾಂಶುಪಾಲೆ? ಹತ್ತು ವರ್ಷ ಆ ಹುಡುಗಿಯ ಜೊತೆ ಕೂತು ಉಂಡವಳಿಗೆ ಒಬ್ಬಳೇ ಉಣ್ಣುವುದು ನೆನೆದರೇ ಸಂಕಟವಾಯಿತು.

ಯಾನೆಕೆಯ ಮನಸ್ಸು ಮಾತ್ರ ಸ್ಪಷ್ಟವಾಗಿತ್ತು. "ನಂಗೆ ಕಲನಶಾಸ್ತ್ರ ಬೇಕು ಅಮ್ಮಾ. ಗಾಳಿಯಂತ್ರದ ರೆಕ್ಕೆ ಮಾಡೋದು ಕಲೀಬೇಕು ಅಂದ್ರೆ ಅದಿಲ್ದೆ ಆಗಲ್ಲ. ಆದ್ರೆ ಊಟಕ್ಕೆ ಮನೆಗೇ ಬರ್ತೀನಿ."

"ಬೇರೆ ಏನೂ ಆಗಲ್ವಾ? ಸಂಖ್ಯಾಶಾಸ್ತ್ರ? ಅದ್ರಲ್ಲಿ ಚಿತ್ರಗಳಿರತ್ವೆ."

"ಅಮ್ಮಾ..."

ಸರಿ, ಮಾರ್ಲಿಸ್ ವ್ಯಾನು ಹತ್ತಿ ನಾಲ್ಕು ಗಂಟೆ ದೂರದ ಡಿ ಮೊಯಿನ್‌ನಲ್ಲಿ ನಡೆದ ಮನೆಶಾಲೆಯವರ ಪುಸ್ತಕ ಸಂತೆಗೆ ಹೋದಳು. ಬರುವಾಗ ವ್ಯಾನಿನ ಹಿಂಭಾಗ ನೆಲಕ್ಕೆ ತಾಗುತ್ತಿತ್ತು! ಒಂದು ಪುಸ್ತಕ, ಗಣಿತವನ್ನು ಮಾಡಬಾರದು, ಅನುಭವಿಸಬೇಕು ಎಂದಿತು. ಮಾರ್ಲಿಸ್ ಎರಡು ಪುಟ ಅನುಭವಿಸಿ ಮಾತ್ರೆ ನುಂಗಿ ಮಲಗಿದಳು. ಇನ್ನೊಂದರಲ್ಲಿ ನೋಹನ ಹಡಗಿಗೆ ಎಕ್ಸ್ ಜೋಡಿ ಒಂಟೆ ಹತ್ತುತ್ತಿದ್ದವು, ಹಡಗು ಯಾವ ವೇಗದಲ್ಲಿ ಮುಳುಗುತ್ತದೆ ಎಂದು ಪ್ರಶ್ನೆ. ಮೂರನೆಯದು ವಿಡಿಯೋ ಪಾಠ. ಬೋಳುತಲೆಯ ಮಹಾಶಯನೊಬ್ಬ ಏನೂ ತಿಳಿಯದ ಜಾಗ ಬಂದಾಗಲೆಲ್ಲ ಮುಗುಳ್ನಕ್ಕು, "ಇದಂತೂ ನಿಮಗೆ ಗೊತ್ತೇ ಇದೆ" ಎನ್ನುತ್ತಿದ್ದ. "ಗೊತ್ತಿದ್ರೆ ನಿನ್ನ ಮುಖ ಯಾಕೋ ನೋಡ್ತಿದ್ದೆ!" ಎಂದು ಮಾರ್ಲಿಸ್ ಟಿವಿಗೆ ಬೈದಳು. ಫ್ರಿಜ್ಜಿನ ಬಾಗಿಲ ತುಂಬ ಪಾಠಪುಸ್ತಕಗಳ ಪಟ್ಟಿಗಳು ಅಂಟಿಕೊಂಡವು. ಹಾಲು ಬೇಕೆಂದರೆ ಕಲನಶಾಸ್ತ್ರವನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆಯಬೇಕು.

"ಕಲನವೋ ಕಲಹವೋ, ಬೇಗ ಒಂದು ಮುಗಿಸ್ರೇ. ಈ ಮನೇಲಿ ಎರಡನೇದ್ರಲ್ಲಿ ಆಗ್ಲೇ ಪದವಿ ಕೊಡ್ಬೋದು" ಎಂದ ವರ್ಲಿನ್.

ಕೊನೆಗೆ ದಾರಿ ತೋರಿಸಿದವಳು ಯಾನೆಕೆಯೇ. ಪಕ್ಕದ ಊರಿನ ಕಾಲೇಜಿನಲ್ಲಿ ಹೈಸ್ಕೂಲು ವಯಸ್ಸಿನವರಿಗೂ ಕಲನಶಾಸ್ತ್ರದ ತರಗತಿ ಇದೆ, ವಾರಕ್ಕೆ ಮೂರು ಬೆಳಿಗ್ಗೆ. ಉಳಿದ ಪಾಠವೆಲ್ಲ ಮನೆಯಲ್ಲೇ. ಅಕಾಡೆಮಿಗೂ ಬೀಗ ಬೀಳುವುದಿಲ್ಲ, ಅತ್ತೆಯ ಬಾಯಿಗಂತೂ ಬೀಳುತ್ತದೆ! ಆದರೆ ಸೀಟು ಉಳಿದಿರುವುದು ಒಂದೇ ಒಂದು.

"ಅರ್ಜಿ ನಾನು ತುಂಬ್ಲಾ ಅಮ್ಮಾ?"

"ನೀನು ಸುಮ್ನಿರು. ಸಂಸ್ಥೆಯ ವ್ಯವಹಾರ ಸಂಸ್ಥೆಯ ಮುಖ್ಯಸ್ಥರು ನೋಡ್ಕೋತಾರೆ."

ಮುಖ್ಯಸ್ಥರು ಕಂಪ್ಯೂಟರಿನ ಮುಂದೆ ಕೂತರು. ಶಾಲೆಯ ಪ್ರಾಂಶುಪಾಲರ ಹೆಸರು? ಮಾರ್ಲಿಸ್ ಹೂಕ್‌ಸ್ಟ್ರಾ. ಸಲಹೆಗಾರರ ಹೆಸರು? ಮಾರ್ಲಿಸ್ ಹೂಕ್‌ಸ್ಟ್ರಾ. ಗಣಿತದ ಶಿಕ್ಷಕರು? ಪಾಲಕರು? ಒಂದೊಂದು ಸಲ ತನ್ನ ಹೆಸರು ಒತ್ತಿದಾಗಲೂ ಎದೆ ಒಂದೊಂದು ಅಂಗುಲ ಉಬ್ಬಿತು. ಶಿಫಾರಸು ಪತ್ರದಲ್ಲಿ, "ಈ ವಿದ್ಯಾರ್ಥಿನಿಯನ್ನು ನಾನು ಹದಿನಾರು ವರ್ಷ ಒಂಬತ್ತು ತಿಂಗಳಿಂದ ಬಲ್ಲೆ. ಈಕೆಯ ತಾಯಿಯಂಥ ತಾಯಿ ಈ ಸೀಮೆಯಲ್ಲಿಲ್ಲ" ಎಂದು ನಿಷ್ಪಕ್ಷಪಾತವಾಗಿ ಬರೆದಳು. ಅದೇ ಹುಮ್ಮಸ್ಸಿನಲ್ಲಿ ಕೊನೆಯ ಜಾಗವನ್ನೂ ತುಂಬಿ, ಗುಂಡಿ ಒತ್ತಿ, ಕೈ ಝಾಡಿಸಿ ಎದ್ದಳು.

ಮೂರನೆಯ ದಿನ ಉತ್ತರ ಬಂತು. "ಪ್ರಿಯ ಮಾರ್ಲಿಸ್, ಅಭಿನಂದನೆಗಳು! ಕಲನಶಾಸ್ತ್ರದ ಕೊನೆಯ ಸೀಟನ್ನು ನಿಮಗಾಗಿ ಕಾಯ್ದಿರಿಸಿದ್ದೇವೆ. ಮುಂದಿನ ಶನಿವಾರ ಅರ್ಹತಾ ಪರೀಕ್ಷೆಗೆ ಹಾಜರಾಗಿ. ಎರಡು ಪೆನ್ಸಿಲ್ ತನ್ನಿ."

ಕೊನೆಯ ಜಾಗದಲ್ಲಿ ಕೇಳಿದ್ದು ವಿದ್ಯಾರ್ಥಿಯ ಹೆಸರು!

ಮಾರ್ಲಿಸ್ ಬಾಗಿಲು ಮುಚ್ಚಿಕೊಂಡು ಕಾಲೇಜಿಗೆ ಫೋನು ಮಾಡಿದಳು. ಅತ್ತ ಕಡೆಯ ಗುಮಾಸ್ತೆ ಜೇನಿನಂಥ ದನಿಯವಳು.

"ಹೆಸರು ಬದಲಾಯಿಸೋಕೆ ಬರಲ್ಲಮ್ಮ. ಸೀಟು ಬೇಡ ಅಂದ್ರೆ ನಿಮ್ಮ ಪ್ರಾಂಶುಪಾಲರು ಕಾರಣ ಬರೆದು ಕಳಿಸ್ಬೇಕು."

"ನಾನೇ ಪ್ರಾಂಶುಪಾಲರು."

"ಹಾಗಾದ್ರೆ ಅನುಕೂಲವೇ ಆಯ್ತು. ನಿಮ್ಮ ಬಗ್ಗೆ ನೀವೇ ಬರೀರಿ. ಸಮಿತಿ ಅಕ್ಟೋಬರ್‌ನಲ್ಲಿ ಸೇರತ್ತೆ, ಆಗ ನೋಡ್ತಾರೆ."

"ತರಗತಿ ಆಗಸ್ಟ್‌ಗೆ ಶುರು! ಸರಿ, ನಾನು ಪರೀಕ್ಷೆಗೆ ಬರ್ದೇ ಹೋದ್ರೆ?"

"ಹೆದರ್ಕೋಬೇಡಿ, ವಯಸ್ಸಾದವರಿಗೆ ಭಯ ಸಹಜ. ಇನ್ನೂ ಎರಡು ಸಲ ಅವಕಾಶ ಕೊಡ್ತೀವಿ."

"ಫೇಲಾದ್ರೆ?"

"ನಲವತ್ತರ ಕೆಳಗೆ ಬಂದ್ರೆ ಸೀಟು ಕೂಡ್ಲೇ ಕಾಯುವ ಪಟ್ಟಿಯಲ್ಲಿರೋ ಮೊದಲನೆಯವರಿಗೆ. ಪಟ್ಟಿಯಲ್ಲಿ ಸದ್ಯ ಯಾರೂ ಇಲ್ಲ. ಅವರೂ ಅವತ್ತೇ ಪರೀಕ್ಷೆ ಬರೀಬೇಕು, ಅಷ್ಟೆ."

ಮಾರ್ಲಿಸ್ ಯಾನೆಕೆಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಮೂರು ಸಲ ಹೇಳಿ ಪಟ್ಟಿಗೆ ಸೇರಿಸಿದಳು. ಮನೆಯವರಿಗೆ, ಶನಿವಾರ ಮಗಳಿಗೆ ಪರೀಕ್ಷೆ, ತನಗೆ ಹಲ್ಲಿನ ಡಾಕ್ಟರು ಎಂದಳು. ಫೇಲಾಗುವುದು ತಾನೆ! ಅದಕ್ಕೇನು ಬ್ರಹ್ಮವಿದ್ಯೆ ಬೇಕೆ?

ಆದರೆ ಸೊನ್ನೆ ತೆಗೆದುಕೊಳ್ಳಲು ಅವಳ ಅಭಿಮಾನ ಒಪ್ಪಲಿಲ್ಲ. ಫಲಿತಾಂಶ ಮನೆಗೆ ಬರುತ್ತದೆ. ಅತ್ತೆಯ ಮೂಗು ಕಾಗದದ ವಾಸನೆ ಹಿಡಿಯುವುದರಲ್ಲಿ ಎತ್ತಿದ ಕೈ. ಆದ್ದರಿಂದ ಮಾರ್ಲಿಸ್ ಘನತೆಯಿಂದ ಫೇಲಾಗುವ ಯೋಜನೆ ಹಾಕಿದಳು. ಅರವತ್ತು ಪ್ರಶ್ನೆ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮೊದಲ ಇಪ್ಪತ್ತಮೂರಕ್ಕೆ ಶ್ರದ್ಧೆಯಿಂದ ಸರಿ ಉತ್ತರ, ಉಳಿದ ಮೂವತ್ತೇಳಕ್ಕೆ ಬೇಕೆಂದೇ ತಪ್ಪು ಉತ್ತರ. ನೂರಕ್ಕೆ ಮೂವತ್ತೆಂಟು! ಕೂದಲೆಳೆಯಲ್ಲಿ ತಪ್ಪಿತು ಎಂದು ಎಲ್ಲರೂ ಲೊಚಗುಟ್ಟಬೇಕು.

ಶನಿವಾರ ಮಗಳನ್ನು ಕಾಲೇಜಿನ ಬಾಗಿಲಲ್ಲಿ ಇಳಿಸಿ, ಹಿಂದಿನ ಬಾಗಿಲಿನಿಂದ ನುಸುಳಿ ಪರೀಕ್ಷೆಯ ಕೋಣೆಗೆ ಬಂದರೆ, ಯಾನೆಕೆ ಎದುರಿಗೇ ನಿಂತಿದ್ದಳು.

"ಅಮ್ಮಾ! ಹಲ್ಲಿನ ಡಾಕ್ಟ್ರು?"

"ಸ್ಥಳ ಪರಿಶೀಲನೆಗೆ ಬಂದೆ. ಪ್ರಾಂಶುಪಾಲರ ಕರ್ತವ್ಯ."

"ಎದೆ ಮೇಲೆ ಪರೀಕ್ಷಾರ್ಥಿ ನಂಬರ್ ನಾಲ್ಕು ಅಂತ ಅಂಟಿಸ್ಕೊಂಡು?"

ಮಾರ್ಲಿಸ್ ಅವಳನ್ನು ಮೂಲೆಗೆ ಎಳೆದು ಎಲ್ಲವನ್ನೂ ಒದರಿದಳು. "ನಿನ್ನ ಸೀಟಿನ ಮೇಲೆ ನಾನೇ ಹೋಗಿ ಕೂತ್ಬಿಟ್ಟೆ ಕಣೇ. ಆದ್ರೆ ನೀನು ಹೆದರ್ಬೇಡ. ನಾನು ಫೇಲಾಗೇ ಆಗ್ತೀನಿ. ಒಂದೇ ಭಯ, ಅಪ್ಪಿತಪ್ಪಿ ಪಾಸಾಗ್ಬಿಟ್ರೆ!"

ಯಾನೆಕೆ ತುಟಿ ಕಚ್ಚಿಕೊಂಡಳು. ನಗು ತಡೆಯಲೋ ಅಳು ತಡೆಯಲೋ ಮಾರ್ಲಿಸಳಿಗೆ ತಿಳಿಯಲಿಲ್ಲ. "ಆ ಭಯ ಬಿಡಮ್ಮಾ" ಎಂದು ತಾಯಿಯ ಕೈ ಹಿಸುಕಿ ಒಳಗೆ ಹೋದಳು.

ಮೊದಲ ಇಪ್ಪತ್ತಮೂರು ಪ್ರಶ್ನೆಗಳಿಗೆ ಮಾರ್ಲಿಸ್ ಬೆವರಿಳಿಸಿ ಕೆಲಸ ಮಾಡಿದಳು. ಉಳಿದವನ್ನು ಐದೇ ನಿಮಿಷದಲ್ಲಿ ಮುಗಿಸಿದಳು. ಯಾವ ಉತ್ತರ ನೋಡಿದರೆ ನಗು ಬರುತ್ತದೋ ಅದಕ್ಕೆ ಗುರುತು.

ಕಾಗದ ಬಂದದ್ದು ಮುಂದಿನ ಶನಿವಾರದ ಅಂಚೆಯಲ್ಲಿ. ಒಂದಲ್ಲ, ಐದು! ಒಂದು ಯಾನೆಕೆಗೆ. ಮಿಕ್ಕ ನಾಲ್ಕು ಪ್ರಾಂಶುಪಾಲರಿಗೆ, ಸಲಹೆಗಾರರಿಗೆ, ಶಿಕ್ಷಕರಿಗೆ, ಪಾಲಕರಿಗೆ ಒಂದೊಂದು. ವರ್ಲಿನ್ ಐದನ್ನೂ ತಂದು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಹೊಲಕ್ಕೆ ಹೋಗಿದ್ದ, ಯಾರಿಗೂ ಹೇಳಲು ಮರೆತಿದ್ದ. ಭಾನುವಾರ ಕಾಫಿಗೆ ಸಕ್ಕರೆ ಹುಡುಕಿದವಳು ಗರ್ಟ್ರೂಡ್.

"ಅಜ್ಜಿ, ನಂಗೆ ತೊಂಬತ್ತೈದು! ಸೀಟು ನಂದೇ!" ಎಂದು ಯಾನೆಕೆ ತನ್ನ ಕಾಗದ ಹಿಡಿದು ಕುಣಿದಳು. ಮಾರ್ಲಿಸ್ ಮಗಳನ್ನು ಅಪ್ಪಿಕೊಂಡು ನಿಜವಾಗಿಯೂ ಅತ್ತಳು. ಮೇಜು ಉಳಿಯಿತು, ಮಧ್ಯಾಹ್ನದ ಊಟ ಉಳಿಯಿತು. ಕಣ್ಣೊರೆಸಿಕೊಂಡು ತಿರುಗಿದರೆ, ಅತ್ತೆ ಆಗಲೇ ಇನ್ನೊಂದು ಲಕೋಟೆ ಒಡೆದಿದ್ದಳು.

"ಪರೀಕ್ಷಾರ್ಥಿ ಮಾರ್ಲಿಸ್ ಹೂಕ್‌ಸ್ಟ್ರಾ" ಎಂದು ಅವಳು ತರಗತಿಯ ದನಿಯಲ್ಲಿ ಓದಿದಳು. "ಅರವತ್ತಕ್ಕೆ ಹದಿಮೂರು. ಮೊದಲ ಇಪ್ಪತ್ತಮೂರರಲ್ಲಿ ಸರಿ ಎರಡು. ಉಳಿದ ಮೂವತ್ತೇಳರಲ್ಲಿ ಸರಿ ಹನ್ನೊಂದು."

ಶ್ರದ್ಧೆಗೆ ಎರಡು, ಉಡಾಫೆಗೆ ಹನ್ನೊಂದು! ಯಾನೆಕೆ ನಡೆದದ್ದನ್ನೆಲ್ಲ ಹೇಳಿದ್ದೇ ತಡ, ವರ್ಲಿನ್ ನಕ್ಕು ನಕ್ಕು ಟೋಪಿ ಕೆಳಗೆ ಬೀಳಿಸಿದ. "ಪೂರ್ತಿ ಉಡಾಫೆ ಮಾಡಿದ್ರೆ ಪಾಸೇ ಆಗ್ತಿದ್ಯೇನೋ ಮಾರಾಯ್ತಿ! ಸದ್ಯ, ಶ್ರದ್ಧೆ ನಮ್ಮನ್ನ ಕಾಪಾಡ್ತು!"

ಗರ್ಟ್ರೂಡ್ ಮುಂದೆ ಓದಿದಳು. "ಈ ವಿದ್ಯಾರ್ಥಿನಿಯ ಗಣಿತದ ಬುನಾದಿ ಬಹಳ ವರ್ಷಗಳಿಂದ ಶಿಥಿಲವಾಗಿದೆ. ಈಕೆಯನ್ನು ಮನೆಯಲ್ಲಿ ಇರಿಸಿಕೊಳ್ಳುವುದಕ್ಕಿಂತ ಹೈಸ್ಕೂಲಿಗೆ ಸೇರಿಸುವುದು ಒಳ್ಳೆಯದು. ಈಕೆಗೆ ಗಣಿತ ಕಲಿಸಿದವರು ಯಾರೆಂದು ದಯವಿಟ್ಟು ತಿಳಿಸಿ."

ನೆಲಕ್ಕೆ ಇಳಿದುಹೋಗುತ್ತಿದ್ದ ಮಾರ್ಲಿಸ್ ಆ ಕೊನೆಯ ಸಾಲು ಕೇಳಿ ತಟ್ಟನೆ ತಲೆಯೆತ್ತಿದಳು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು! ಪೆನ್ನು ಕೈಗೆತ್ತಿಕೊಂಡು ಬಹಳ ವಿನಯದಿಂದ ಕೇಳಿದಳು.

"ಅತ್ತೆ, ಗಣಿತ ಕಲಿಸಿದವರ ಹೆಸರು ಬೇಕಂತೆ. ನಿಮ್ಮ ಪೂರ್ತಿ ಹೆಸರು ಬರೀಲಾ, ಬರೀ ಗರ್ಟ್ ಅಂದ್ರೆ ಸಾಕಾ?"

ಗರ್ಟ್ರೂಡ್ ಕನ್ನಡಕ ತೆಗೆದು ಮಡಿಸಿದಳು. "ಪೂರ್ತಿ ಬರಿ. ಜೊತೆಗೆ ಇದನ್ನೂ ಬರಿ. ಹೈಸ್ಕೂಲಿನ ಕೊನೆ ಪರೀಕ್ಷೇಲಿ ನಿಂಗೆ ಬಂದಿದ್ದು ಇದಕ್ಕಿಂತ ಎರಡು ಕಡಿಮೆ. ನಾನೇ ಕೈಯಾರೆ ತಿದ್ದಿ ಪಾಸು ಮಾಡ್ದೆ."

ಮಾರ್ಲಿಸ್ ಪೆನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷದ ಮುನಿಸು ಒಂದು ಕ್ಷಣ ಕರಗಿ ಕಣ್ಣು ತುಂಬಿ ಬಂತು. "ಅತ್ತೆ... ಆಗ್ಲೇ ನನ್ನ ಮೇಲೆ ಅಷ್ಟು ಪ್ರೀತಿ ಇತ್ತಾ ನಿಮಗೆ?"

"ಪ್ರೀತಿನಾ?" ಗರ್ಟ್ರೂಡ್ ಕಾಫಿಗೆ ಸಕ್ಕರೆ ಹಾಕಿಕೊಂಡಳು. "ಪಾಸು ಮಾಡಿದ್ರೆ ದೂರದ ಕಾಲೇಜಿಗೆ ಹೋಗ್ಬಿಡ್ತೀಯ, ನಿನ್ನ ಹಿಂದೆ ಸುತ್ತುತ್ತಿದ್ದ ನನ್ನ ಮಗ ಬಚಾವಾಗ್ತಾನೆ ಅಂತ ಲೆಕ್ಕ ಹಾಕಿದ್ದೆ ಕಣೇ. ಮೂವತ್ತೊಂದು ವರ್ಷದಲ್ಲಿ ನಂದು ತಪ್ಪಿದ್ದು ಅದೊಂದೇ ಲೆಕ್ಕ."