ಕೂಲರ್ ಮುಂದೆ ಮಳೆಕಾಡು

ಕಲಬುರಗಿಯಲ್ಲಿ ಮಳೆಕಾಡು ಬೆಳೆಸಿಯೇ ತೀರುತ್ತೇನೆಂದು ಗುರುಪ್ರಸಾದ ಪಣ ತೊಟ್ಟ. ಕಾಡೆಂದರೆ ಒಂದೇ ಗಿಡ ಬಿಡಿ! ಪಶ್ಚಿಮ ಘಟ್ಟದ ಕೇಪಳ. ಮೊಣಕಾಲೆತ್ತರದ ಪೊದೆ, ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವಂಥದ್ದು. ಅಂಗಳದಲ್ಲಿ ಉಳಿದಿದ್ದ ಒಂದೇ ಒಂದು ಮಣ್ಣಿನ ಮೂಲೆಯನ್ನು ಅದಕ್ಕೆ ಧಾರೆಯೆರೆದ.

ಆ ಮೂಲೆಯ ಮೇಲೆ ಕಮಲಾಪುರದ ಮಾವ ಅಣವೀರಪ್ಪನವರಿಗೂ ಕಣ್ಣಿತ್ತು. ಮಗಳ ಮನೆಯಲ್ಲಿ ತಮ್ಮ ತೋಟದ ಕೆಂಪು ಬಾಳೆ ಬೆಳೆಯಬೇಕೆಂಬುದು ಅವರ ಆಸೆ.

"ಕಾಡಿನ ಗಿಡ ನಮ್ಮ ಬಿಸಲಾಗ ಹೂ ಬಿಡಂಗಿಲ್ಲ, ಅಳಿಯದೇವ್ರ!" ಎಂದರು ಫೋನಿನಲ್ಲಿ.

"ಬಿಡಲಿಲ್ಲಂದ್ರ ಅದನ್ನ ಕಿತ್ತು, ನಿಮ್ಮ ಬಾಳಿ ನಾನೇ ಕೈಯಾರೆ ಹಚ್ತೀನ್ರೀ ಮಾವಾರ!" ಎಂದು ಅಳಿಯ ಗುಡುಗಿದ.

ಅಂಗಳದ ಕರಿಮಣ್ಣು ಕೇಪಳಕ್ಕೆ ಒಗ್ಗಲಿಲ್ಲ. ಕಮಲಾಪುರಕ್ಕೇ ಹೋಗಿ, ಮಾವನ ತೋಟದ ಕೆಂಪು ಮಣ್ಣನ್ನೇ ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಶತ್ರುವಿನ ಕೋಟೆಯಿಂದಲೇ ಮದ್ದುಗುಂಡು! ಅಷ್ಟರಲ್ಲಿ ಮೇ ತಿಂಗಳು ಬಂತು, ಎಲೆಗಳು ಹಪ್ಪಳವಾದವು. ನೆರಳಿಗೆ ಹೆಂಡತಿಯ ಸೀರೆ ಕಟ್ಟಿದ. ಸುತ್ತ ಒದ್ದೆ ಗೋಣಿಚೀಲ ಇಳಿಬಿಟ್ಟ. ಕೊನೆಗೆ ಮಲಗುವ ಕೋಣೆಯ ಕೂಲರನ್ನೇ ಎಳೆದು ತಂದು ಗಿಡದ ಮುಂದೆ ಪ್ರತಿಷ್ಠಾಪಿಸಿದ.

ಹೆಂಡತಿ ಐಶ್ವರ್ಯಾ ಸೆಖೆಯಲ್ಲಿ ಬೆಂದು ಹೊರಗೆ ಬಂದಳು. "ರೀ, ಕೂಲರ್ ನನಗೋ, ಗಿಡಕ್ಕೋ?"

"ಅದು ಮಳಿ ಸೀಮಿದು, ಬಿಸಲು ತಡಿಯಂಗಿಲ್ಲ!"

"ನಾ ಏನು ಒಲಿಯಾಗ ಹುಟ್ಟೀನೇನ್ರೀ?"

ಗುರುಪ್ರಸಾದ ಕೂಲರಿಗೆ ನೀರು ಸುರಿದ. ಅವಳು ಚಾಪೆ ತಂದು ಗಿಡದ ಪಕ್ಕದಲ್ಲೇ ಹಾಸಿಕೊಂಡಳು.

ಆದರೂ ನೋಡಿ, ಕೇಪಳ ಹೂ ಬಿಟ್ಟೇ ಬಿಟ್ಟಿತು! ಅಂಗೈಯಗಲದ ಕೆಂಪು ಗೊಂಚಲು! ಕಮಲಾಪುರಕ್ಕೆ ಫೋನು ಹೋಯಿತು. ಮಾವ ನಂಬದೆ, ಬಾಳೆಯ ಕಂದನ್ನು ಚೀಲದಲ್ಲಿಟ್ಟುಕೊಂಡೇ ಬಂದಿಳಿದರು. ಕನ್ನಡಕ ಏರಿಸಿ ನೋಡಿದರು, ಹೂವನ್ನು ಮುಟ್ಟಿ ನೋಡಿದರು.

"ಪ್ಲಾಸ್ಟಿಕ್ ಅಲ್ಲ... ಸೋತೆ, ಅಳಿಯದೇವ್ರ!"

ಗುರುಪ್ರಸಾದನ ಎದೆ ಊರಾಚೆಯ ಶರಣಸಿರಸಗಿ ಹಳ್ಳಿಯವರೆಗೆ ಉಬ್ಬಿತು.

ಐಶ್ವರ್ಯಾ ಎದ್ದು ಕೂಲರಿನ ಪ್ಲಗ್ ಕಿತ್ತಳು. "ಪಂದ್ಯ ಮುಗೀತಲ್ಲ? ಕೂಲರ್ ಒಳಗ ಒಯ್ತೀನಿ. ನನ್ನ ಸೀರಿನೂ ಬಿಚ್ಚಿ ಕೊಡ್ರಿ."

"ಗಿಡ ಸಾಯ್ತದಲ್ಲ! ಅದಕ್ಕ ನೆರಳು ಬೇಕು, ತಂಪು ಬೇಕು..."

"ಅಪ್ಪನ ತೋಟದಾಗ ಬಾಳಿ ಬುಡಕ ಯಾವ ಕೂಲರ್ ಹಚ್ಯಾರ? ಅಗಲ ಎಲಿ, ತಣ್ಣನ ನೆರಳು. ಪಕ್ಕದಾಗ ಬಾಳಿ ಹಚ್ರಿ, ಅದರ ಕೆಳಗ ನಿಮ್ಮ ಗಿಡ ಬದುಕ್ತದ. ಬಾಳಿ ಎತ್ತರ ಆಗೋತನಕ ನಿಮ್ಮ ಲುಂಗಿ ಕಟ್ರಿ!"

ಗುರುಪ್ರಸಾದ ಹೂ ನೋಡಿದ, ಹೆಂಡತಿಯ ಮುಖ ನೋಡಿದ, ತೆಪ್ಪಗೆ ಗುದ್ದಲಿ ಎತ್ತಿಕೊಂಡ.

ಒಳಗೆ ಕೂಲರ್ ಗಾಳಿಗೆ ಕಾಲು ಚಾಚಿದ್ದ ಮಾವ ಕಿಟಕಿಯಿಂದ ಕೂಗಿದರು: "ಸೋತವನ ಗಿಡ ಗೆದ್ದವ ಹಚ್ಚೋದು ಇವತ್ತೇ ನೋಡಿದೆ! ಅಳಿಯದೇವ್ರ, ಜರಾ ಆಳ ತೋಡ್ರಿ!"