ಮುಟ್ಟಲಿಕ್ಕೆ ಸಿಗದ ವಯರುಗಳು

ಬನ್ನಿ, ಆ ಚಾಪೆ ಇತ್ತ ಎಳೆದು ಸರಿಯಾಗಿ ಕೂತುಕೊಳ್ಳಿ. ಬೆನ್ನು ಗೋಡೆಗೆ ಕೊಡಿ, ನಗುವಾಗ ಬೀಳಬಾರದು. ನನಗೆ ಓದು ಬರಹ ಬರುವುದಿಲ್ಲ, ಕಣ್ಣಿಗಿಂತ ಕಿವಿಯೇ ಹೆಚ್ಚು ದುಡಿದದ್ದು. ಮೊಮ್ಮಗಳು ಮೂಡಬಿದ್ರೆಯಲ್ಲಿ ಕಲಿತು ನರಿಕೊಂಬಿನ ನಮ್ಮ ಮನೆಗೆ ವಾಪಸು ಬಂದ ಮೇಲೆ ಆ ಕಿವಿಗೂ ಪುರುಸೊತ್ತಿಲ್ಲ. ಒಂದು ಪೇಚಾಟ ಮುಗಿಯುವ ಮೊದಲೇ ಇನ್ನೊಂದು ಅಂಗಳದಲ್ಲಿ ನಿಂತಿರ್ತದೆ.

ಅರ್ತಿಂಗ್ ಎಲ್ಲಿ?

ಅವಳ ಕೆಲಸ ನಾಟಕಕ್ಕೆ ಶಬ್ದ ಮಾಡುವುದು. ಲ್ಯಾಪ್‌ಟಾಪಿನ ಪರದೆಯಲ್ಲಿ ಸಾಲು ಸಾಲು ಪೆಟ್ಟಿಗೆ. ಪೆಟ್ಟಿಗೆಗಳಲ್ಲಿ ತೂತು. ಈ ತೂತಿನಿಂದ ಆ ತೂತಿಗೆ ಬಣ್ಣಬಣ್ಣದ ವಯರು. ಒಂದು ಪೆಟ್ಟಿಗೆ ಶಬ್ದ ಹುಟ್ಟಿಸ್ತದೆ, ಇನ್ನೊಂದು ಅದನ್ನು ಸೋಸ್ತದೆ, ಮತ್ತೊಂದು ಬೇಕಾದಾಗ ಮಾತ್ರ ಹೊರಗೆ ಬಿಡ್ತದೆ. ವಯರು ಬದಲಿಸಿದರೆ ಕಪ್ಪೆ ಗಾಳಿಯಾಗ್ತದೆ, ಗಾಳಿ ಗರಗಸವಾಗ್ತದೆ. ಅದಕ್ಕೆ ಮಾಡ್ಯುಲರ್ ಅಂತ ಹೆಸರಂತೆ. ಹುಡುಗಿಗೆ ಒಂದು ಗಳಿಗೆ ಸಮಾಧಾನ ಇಲ್ಲ, ಈಗ ಸಿಕ್ಕಿಸಿದ ವಯರನ್ನು ಈಗಲೇ ಕೀಳಬೇಕು. ಅವಳನ್ನು ನೋಡಿ ನೋಡಿ ನನಗೂ ಕೂತಲ್ಲಿ ಕೂರಲಿಕ್ಕೆ ಆಗುವುದಿಲ್ಲ.

ಅವಳ ಅಪ್ಪ, ಅಂದರೆ ನನ್ನ ಮಗ, ಮನೆಗಳಿಗೆ ವಯರಿಂಗ್ ಮಾಡುವವ. ಒಂದು ದಿನ ಪರದೆ ನೋಡಿ ಅವನ ಮುಖ ಬಿಳುಚಿತು.

“ಎಂತ ಮಾರಾಯ್ತಿ ಇದು, ಹೀಗಾ ವಯರು ಎಳೆಯುವುದು? ಫ್ಯೂಸ್ ಎಲ್ಲಿ? ಅರ್ತಿಂಗ್ ಎಲ್ಲಿ?”

“ಅಪ್ಪ, ಇದು ಬರೀ ಚಿತ್ರ.”

“ಶಾರ್ಟ್ ಆದರೆ?”

“ಆಗಲಿ ಅಂತಲೇ ಕಾಯ್ತಾ ಇದ್ದೇನೆ. ಒಳ್ಳೆ ಗುಡುಗು ಬರ್ತದೆ.”

ಮಗ ಖಡಕ್ಕಾಗಿ ಹೇಳಿದ: “ಮೇ ಕೊನೆಗೆ ಪತ್ತನಾಜೆ ಬಂದರೆ ಯಕ್ಷಗಾನದ ಆಟ, ನಾಟಕ ಎಲ್ಲ ಬಂದ್. ಅಷ್ಟರೊಳಗೆ ಯಾವುದಾದರೂ ತಂಡ ನಿನ್ನನ್ನು ಕಾಯಂ ಮಾಡಿಕೊಂಡರೆ ಸರಿ. ಇಲ್ಲದಿದ್ದರೆ ಇದನ್ನು ಮುಚ್ಚಿಟ್ಟು ಸೊಸೈಟಿಯ ಕೆಲಸಕ್ಕೆ ಹೋಗಬೇಕು.”

ಹುಡುಗಿ ಹೂಂ ಅಂದಳು. ಅನ್ನ ಮಾತ್ರ ಬಟ್ಟಲಲ್ಲೇ ಉಳಿಯಿತು. ಮಗನಿಗೂ ಆ ದಿನ ಊಟ ಸೇರಲಿಲ್ಲ. ಲ್ಯಾಪ್‌ಟಾಪು ಪಕ್ಕದಲ್ಲೇ ಇತ್ತಲ್ಲ, ಶಾಕ್ ಹೊಡೆದೀತು ಅಂತ ಮನೆಯೊಳಗೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಉಣ್ಣಲಿಕ್ಕೆ ಕೂತ.

ತಟ್ಟು, ತಟ್ಟು!

ಇನ್ನೊಂದು ದಿನ ಬಾಗಿಲು ತಟ್ಟುವ ಶಬ್ದ ಮಾಡಿದಳು. ಅದು ಮನಸ್ಸು ಬಂದಾಗಲೆಲ್ಲ ತನ್ನಷ್ಟಕ್ಕೇ ತಟ್ಟುವ ಹಾಗೆ ವಯರು ಕೊಟ್ಟು ಸ್ನಾನಕ್ಕೆ ಹೋದಳು. ಸೊಸೆ ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ಟಕ್ ಟಕ್. ಮೀನಿನ ಕೈಯಲ್ಲೇ ಓಡಿ ಬಾಗಿಲು ತೆಗೆದಳು, ಯಾರೂ ಇಲ್ಲ. ವಾಪಸು ಕೂತಳು. ಟಕ್ ಟಕ್. ಮತ್ತೆ ಓಡಿದಳು. ಹೀಗೆ ಓಡಿ ಓಡಿ, ಇದು ಮಗಳದ್ದೇ ಕಾರುಬಾರು ಅಂತ ತಿಳಿದಾಗ ಅವಳಿಗೆ ಪಿತ್ತ ನೆತ್ತಿಗೇರಿತು. ಮುಂದಿನ ಸಲ ಕೂತಲ್ಲಿಂದಲೇ ಕೂಗಿದಳು: “ತಟ್ಟು, ತಟ್ಟು! ಸಂಜೆವರೆಗೂ ತಟ್ಟು! ನಾನು ಏಳುವವಳಲ್ಲ!”

ಆ ಸಲ ಬಿಸಿಲಲ್ಲಿ ನಿಂತು ತಟ್ಟಿದ್ದು ನಾಟಕ ತಂಡದ ಮ್ಯಾನೇಜರು. ಹುಡುಗಿಯ ಕೆಲಸ ನೋಡಲಿಕ್ಕೆ ಬಂದವರು. ಅವಳು ಸ್ನಾನ ಮುಗಿಸಿ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಅವರು ಬೆವರಿ ಒದ್ದೆ. ಸೊಸೆ ನಾಚಿ ಹಿತ್ತಲಿಗೆ ಓಡಿದಳು. ಮ್ಯಾನೇಜರು ಬೆಲ್ಲ ಕಚ್ಚಿ ನೀರು ಕುಡಿದು, ನಡೆದದ್ದನ್ನು ಕೇಳಿ ಹೇಳಿದರು: “ಜೀವಂತ ಇರುವ ನನ್ನನ್ನೇ ಸುಳ್ಳು ಮಾಡಿತಲ್ಲ ನಿನ್ನ ಶಬ್ದ. ನಾಳೆಯಿಂದ ಬಾ, ಸ್ವಲ್ಪ ಸಮಯ ನೋಡುವ.”

ನೆಗಡಿಯ ಆನೆ

ತಂಡದಲ್ಲಿ ಒಬ್ಬ ಹಾಸ್ಯಗಾರ. ಮೊದಲು ಕೀಬೋರ್ಡ್ ಬಾರಿಸುತ್ತಿದ್ದದ್ದು ಅವನ ಭಾವ. ಈ ಹುಡುಗಿ ಹೋದರೆ ಭಾವ ವಾಪಸು ಬರ್ತಾನೆ ಅಂತ ಅವನ ಲೆಕ್ಕ. ತುಳು ನಾಟಕ ನಿಮಗೆ ಗೊತ್ತುಂಟಲ್ಲ, ಬರೆದದ್ದು ಅರ್ಧ, ನಿಂತಲ್ಲೇ ಹುಟ್ಟಿಸಿದ ಮಾತು ಅರ್ಧ. ಮೂಡಬಿದ್ರೆಯ ಆಟದಲ್ಲಿ ಅವನು ನಾಟಕದಲ್ಲೇ ಇಲ್ಲದ ಆನೆಯನ್ನು ತಂದ. “ಅಗೋ, ಆನೆ ಬಂತು!” ಅಂತ ಹೇಳಿ ಮೊಮ್ಮಗಳ ಕಡೆ ತಿರುಗಿ ಹಲ್ಲು ಕಿರಿದ.

ಅವಳ ಎದುರು ಮಿಡಿ ಕೀಬೋರ್ಡ್ ಅಂತ ಚಿಕ್ಕದೊಂದು ಮಣೆ. ಅದಕ್ಕೆ ಸ್ವಂತ ಶಬ್ದ ಇಲ್ಲ, ಒತ್ತಿದರೆ ಪೆಟ್ಟಿಗೆಗಳು ಕೂಗ್ತವೆ. ಅವಳು ಎರಡು ವಯರು ಅದಲುಬದಲು ಮಾಡಿ ಒತ್ತಿದಳು. ಆನೆ ಘೀಳಿಟ್ಟಿತು!

ಅವನು ಬಿಡಬೇಕಲ್ಲ. “ಛೆ, ಇದು ದೊಡ್ಡ ಆನೆ ಅಲ್ಲ. ಮರಿ. ಪಾಪ, ನೆಗಡಿ ಬೇರೆ.”

ಅವಳು ಏನೋ ತಿರುಗಿಸಿದಳು. ಮರಿಯಾನೆ ಒಂದು ಸಲ ಮೂಗು ಸುರ್ರೆಂದು ಎಳೆದು ಢಂ ಅಂತ ಸೀನಿತು. ಹಾಸ್ಯಗಾರ ಮತ್ತೇನೋ ಹೇಳಲಿಕ್ಕೆ ಹೊರಟ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಅದಕ್ಕೆ ಕಾಳುಮೆಣಸಿನ ಕಷಾಯ ಕೊಡು ಮಾರಾಯ, ನಿನ್ನ ಮಾತು ಆಮೇಲೆ!”

ಮುಖ್ಯ ಅತಿಥಿಯ ಕಾಲು

ಮುಂಡಾಜೆಯ ಆಟಕ್ಕೆ ನಾನೂ ಹೋಗಿದ್ದೆ, ಅಲ್ಲಿ ಮಾತ್ರ ಎಡವಟ್ಟಾಯಿತು. ನಾಟಕದಲ್ಲಿ ಒಬ್ಬ ದುಷ್ಟ ರಾಜ. ಅವನು ಹೆಜ್ಜೆ ಇಟ್ಟರೆ ಭೂಮಿ ನಡುಗಬೇಕು ಅಂತ ವೇದಿಕೆಯ ಹಲಗೆಯ ಅಡಿಗೆ ಬಿಲ್ಲೆಯಂಥದ್ದೇನೋ ಅಂಟಿಸಿ ಲ್ಯಾಪ್‌ಟಾಪಿಗೆ ಜೋಡಿಸಿದ್ದಳು. ಕಾಲಿಟ್ಟರೆ ಧಡಂ. ನಾಟಕದ ನಡುವೆ ಸಭಾ ಕಾರ್ಯಕ್ರಮ ಇರ್ತದಲ್ಲ, ಹುಡುಗಿ ಆ ಜೋಡಣೆ ಬಿಚ್ಚಲಿಕ್ಕೆ ಮರೆತು ಚಾ ಕುಡಿಯಲಿಕ್ಕೆ ಹೋದಳು.

ಮುಖ್ಯ ಅತಿಥಿ ಎದ್ದು ಮೈಕಿನ ಕಡೆ ಹೆಜ್ಜೆ ಇಟ್ಟರು. ಧಡಂ. ಬೆಚ್ಚಿ ನಿಂತರು. ಇನ್ನೊಂದು ಹೆಜ್ಜೆ. ಧಡಂ. ತುದಿಗಾಲಲ್ಲಿ ಬಂದರು, ಆಗಲೂ ಧಡಂ. ಶಾಲು ತಂದವರಿಗೆ ಧಡಂ, ಹಣ್ಣಿನ ಬುಟ್ಟಿ ತಂದವರಿಗೆ ಎರಡು ಧಡಂ. ಅತಿಥಿ ಮೈಕು ಹಿಡಿದು, ಕಾಲು ಅಲ್ಲಾಡಿಸದೆ, “ಎಲ್ಲರಿಗೂ ಒಳ್ಳೆಯದಾಗಲಿ” ಅಂತ ಮುಗಿಸಿಯೇ ಬಿಟ್ಟರು.

ಮ್ಯಾನೇಜರು ಕೆಂಡ. “ಪಾಣೆಮಂಗಳೂರಿನದ್ದು ಈ ವರ್ಷದ ಕೊನೆಯ ಆಟ. ಅಲ್ಲಿ ಹೀಗಾದರೆ ನೀನು ಮನೆಗೆ, ಹಳೆಯ ಕೀಬೋರ್ಡಿನವ ಒಳಗೆ.” ಹುಡುಗಿ ಹಲಗೆಯ ಅಡಿಯ ಬಿಲ್ಲೆ ಕಿತ್ತು ಚೀಲಕ್ಕೆ ಹಾಕಿದಳು. ಆದರೆ ಊರಿನವರು ಅವಳ ಬೆನ್ನು ತಟ್ಟಿದ್ದನ್ನು ನಾನೇ ನೋಡಿದ್ದೇನೆ. ಅಷ್ಟು ಚಿಕ್ಕ ಭಾಷಣ ಅವರು ಕೇಳಿದ್ದು ಅದೇ ಮೊದಲಂತೆ.

ಪಾಣೆಮಂಗಳೂರಿನ ಅತ್ತೆ

ಕೊನೆಯ ಆಟಕ್ಕೆ ನಾನು, ಮಗ, ಸೊಸೆ ಮೂವರೂ ಹೋದೆವು. ಹಾಸ್ಯಗಾರನ ಭಾವ ಹೊಸ ಅಂಗಿ ಹಾಕಿಕೊಂಡು ಎದುರಿನ ಸಾಲಿನಲ್ಲೇ ಕೂತಿದ್ದ. ನಾನೋ, ಒಮ್ಮೆ ಏಳ್ತೇನೆ, ಒಮ್ಮೆ ಕೂರ್ತೇನೆ. ಮಗ ಸೆರಗು ಹಿಡಿದು ಎಳೆದು ಕೂರಿಸಿದ.

ಹಾಸ್ಯಗಾರ ಒಬ್ಬನೇ ನಿಂತು ಉದ್ದ ಮಾತಾಡುವ ಜಾಗ ಬಂತು. ಬಾಯಿ ತೆರೆದ. ಮಾತಿಲ್ಲ. ಮರೆತೇ ಹೋಗಿದೆ! ಬೆವರು ಒರೆಸಿದ, ಮುಂಡಾಸು ಸರಿ ಮಾಡಿದ. ಜನ ಗುಸುಗುಸು ಶುರು ಮಾಡಿದರು. ಅವನು ಮೊಮ್ಮಗಳ ಕಡೆ ನೋಡಿದ. ಈ ಸಲ ಹಲ್ಲು ಕಿರಿಯಲಿಲ್ಲ, ಕಣ್ಣಲ್ಲಿ ನೀರು. ಅವಳು ಸುಮ್ಮನಿದ್ದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅವಳು ಒಂದು ವಯರು ಎಳೆದಳು. ವೇದಿಕೆಯ ಪರದೆಯ ಹಿಂದಿನಿಂದ ಒಂದು ಶಬ್ದ ಬಂತು. ಒಂದೇ ಒಂದು ಮಾತಿಲ್ಲ, ಆದರೆ ಬೈಗುಳ ಅಂತ ಮಗುವಿಗೂ ಗೊತ್ತಾಗ್ತದೆ. ಮೇಲೆ ಏರ್ತದೆ, ಕೆಳಗೆ ಇಳೀತದೆ, ಉಸಿರು ತೆಗೀತದೆ, ಮತ್ತೆ ಏರ್ತದೆ.

ಹಾಸ್ಯಗಾರನಿಗೆ ಜೀವ ಬಂತು. “ಬಂದೆ ಅತ್ತೆ!”

ಶಬ್ದ ಏರಿತು.

“ಮರೆತದ್ದಲ್ಲ ಅತ್ತೆ, ಮೀನು ಮುಗಿದಿತ್ತು!”

ಇನ್ನೂ ಏರಿತು.

“ಆಯ್ತು, ಮುಗಿದಿರಲಿಲ್ಲ. ದುಡ್ಡಿಗೆ ಸೋಡ ಕುಡಿದೆ!”

ಜನ ಬಿದ್ದು ಬಿದ್ದು ನಕ್ಕರು. ಅವನು ಆ ಶಬ್ದದ ಕಾಲಿಗೆ ಬಿದ್ದ, ಅದಕ್ಕೆ ಗಾಳಿ ಹಾಕಿದ, ಕೊನೆಗೆ ಮರೆತ ಮಾತೂ ನೆನಪಾಯಿತು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೊಸೆಯ ಪಕ್ಕೆಗೆ ತಿವಿದು, “ಎಂಥ ಹೆಂಗಸು ಮಾರಾಯ್ತಿ! ಇಂಥವಳ ಮನೆಯಲ್ಲಿ ಮನುಷ್ಯರು ಬಾಳುವುದು ಹೇಗೆ?” ಅಂದೆ.

ಸೊಸೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಮೆಲ್ಲಗೆ ತೆಗೆದು ಹೇಳಿದಳು: “ಅಭ್ಯಾಸ ಆಗ್ತದೆ ಅತ್ತೆ.”

ಆಟ ಮುಗಿದ ಮೇಲೆ ಮೊಮ್ಮಗಳು ಒಪ್ಪಿಕೊಂಡಳು. “ನೀವು ಬೆಳಿಗ್ಗೆ ಕೋಳಿಗಳಿಗೆ ಬೈಯುವಾಗ ರೆಕಾರ್ಡ್ ಮಾಡಿಟ್ಟದ್ದು ಅಜ್ಜಿ. ಮಾತೆಲ್ಲ ತೆಗೆದೆ, ಏರಿಳಿತ ಮಾತ್ರ ಇಟ್ಟುಕೊಂಡೆ.”

ಈಗ ಯಾರು ಏನಾದರು ಅಂತ ಕೇಳಿ. “ಈ ಹುಡುಗಿ ಇಲ್ಲದೆ ನಾನು ವೇದಿಕೆ ಹತ್ತುವುದಿಲ್ಲ” ಅಂತ ಹಾಸ್ಯಗಾರನೇ ಮ್ಯಾನೇಜರ ಹತ್ತಿರ ಹಟ ಹಿಡಿದ, ಪತ್ತನಾಜೆಗೆ ಮೊದಲೇ ಅವಳು ಕಾಯಂ ಆದಳು. ಅವನ ಭಾವ ಮದುವೆ ಮನೆಗಳಲ್ಲಿ ಬಾರಿಸ್ತಾನೆ, ಊಟ ಚೆನ್ನಾಗಿರ್ತದಂತೆ, ದಪ್ಪ ಆಗಿದ್ದಾನೆ. ಮುಖ್ಯ ಅತಿಥಿಗೆ ಕರೆಯೋಲೆ ಹೋದರೆ ಕೆಳಗೇ ಒಂದು ಕುರ್ಚಿ ಹಾಕಿ ಅಂತಾರೆ. ಮ್ಯಾನೇಜರು ನಮ್ಮ ಮನೆಗೆ ಬರುವ ಮೊದಲು ಫೋನು ಮಾಡ್ತಾರೆ. ಮಗ ತಂಡದ ನಿಜವಾದ ವಯರುಗಳನ್ನೆಲ್ಲ ಕಟ್ಟಿ ಕೊಟ್ಟಿದ್ದಾನೆ, ಸೊಸೈಟಿಯ ಸುದ್ದಿ ಎತ್ತುವುದಿಲ್ಲ. ಸೊಸೆ ಒಂದು ಆಟವನ್ನೂ ತಪ್ಪಿಸುವುದಿಲ್ಲ. ಆ ಅತ್ತೆಯ ಜಾಗ ಬಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವವಳು ಅವಳೇ.

ನಾನಾ? ಲ್ಯಾಪ್‌ಟಾಪು ತೆರೆದಿರುವುದು ಕಂಡರೆ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, ಅದಕ್ಕೆ ಕೇಳುವ ಹಾಗೆ ಬೈತೇನೆ.